ಮೃದುಮಸೂರದ ಜನಕ ಓಟೊ ವಿಖ್ತರ್ಲೆ

ಪಂಚೇಂದ್ರಿಯಗಳಲ್ಲಿ ಕಣ್ಣಿಗೆ ಅಗ್ರಸ್ಥಾನವನ್ನು ಕೊಟ್ಟವರು ನಮ್ಮ ಹಿರಿಯರು. ಕಣ್ಣು ಎಷ್ಟು ಅಮೂಲ್ಯವೋ ಅಷ್ಟೇ ಸೂಕ್ಷ್ಮವಾದುದು. ಒಂದು ಧೂಳಿನ ಕಣ ಬಿದ್ದರೂ ಅದು ಕೆಂಪೇರುತ್ತದೆ, ನೀರು ಸುರಿಸುತ್ತದೆ, ಬಂದು ಸೇರಿದ ಅನ್ಯವಸ್ತುವನ್ನು ಹೊರದೂಡುವವರೆಗೂ ನೆಮ್ಮದಿಯಿಂದಿರುವುದಿಲ್ಲ. ಇಂತಹ ಕಣ್ಣಿನ ಮೇಲೆಯೇ ಮನುಷ್ಯನು ತಾನು ತಯಾರಿಸಿದ ವಸ್ತುವೊಂದನ್ನು ಇಟ್ಟುಕೊಂಡು, ಅದು ಅಲ್ಲಿರುವುದನ್ನೇ ಮರೆತು, ದಿನವಿಡೀ ಓದುತ್ತ ಬರೆಯುತ್ತ ಓಡಾಡುತ್ತ ಇರಬಲ್ಲನೆಂದರೆ ಒಂದು ಕಾಲದಲ್ಲಿ ಯಾರೂ ನಂಬುತ್ತಿರಲಿಲ್ಲ. ಇಂದು ಲೋಕದ ಎಲ್ಲ ಭಾಗಗಳಲ್ಲಿಯೂ ಅಸಂಖ್ಯಾತ ಜನರು ಕನ್ನಡಕದ ಬದಲು ಮೃದುವಾದ ಸ್ಪರ್ಶಮಸೂರಗಳನ್ನು, ಅಂದರೆ ಕಾಂಟ್ಯಾಕ್ಟ್ ಲೆನ್ಸುಗಳನ್ನು ಧರಿಸುತ್ತಾರೆ. ಬೆರಳ ತುದಿಯಲ್ಲಿ ನೀರಿನ ಹನಿಯಂತೆ ಕಾಣುವ ಈ ಮಸೂರದ ಹಿಂದೆ ಒಬ್ಬ ರಸಾಯನ ವಿಜ್ಞಾನಿಯ ದೀರ್ಘ ತಪಸ್ಸಿದೆ. ಅವರೇ ಚೆಕೊಸ್ಲೊವಾಕಿಯಾ ದೇಶದ ಓಟೊ ವಿಖ್ತರ್ಲೆ.

ವಿಖ್ತರ್ಲೆಯವರು ಕೇವಲ ಒಂದು ಮಸೂರವನ್ನು ಕಂಡುಹಿಡಿದವರಲ್ಲ. ದೇಹದೊಳಗೆ ಇಡುವ ವಸ್ತು ಬರಿಯ ಗಟ್ಟಿತನದಿಂದ ಒಳ್ಳೆಯದೆನಿಸುವುದಿಲ್ಲ, ಅದು ದೇಹದ ಸ್ವಭಾವಕ್ಕೆ ಹೊಂದಿಕೊಳ್ಳಬೇಕು ಎಂಬ ಹೊಸ ವಿಚಾರವನ್ನು ಬಿತ್ತಿದವರು ಅವರು. ಆ ವಿಚಾರವನ್ನು ಸಾಧಿಸಿ ತೋರಿಸಲು ಅವರಿಗೆ ಒಳ್ಳೆಯ ಪ್ರಯೋಗಶಾಲೆಯಾಗಲಿ ಸರ್ಕಾರದ ಬೆಂಬಲವಾಗಲಿ ಸದಾಕಾಲ ದೊರೆಯಲಿಲ್ಲ. ಅಧಿಕಾರದಲ್ಲಿದ್ದವರು ಒಮ್ಮೆಯಲ್ಲ, ಹಲವು ಬಾರಿ ಅವರ ಕೆಲಸಕ್ಕೆ ಅಡ್ಡಿಯಾದರು. ಆದರೂ ಅವರು ಧೃತಿಗೆಡಲಿಲ್ಲ.

ಓಟೊ ವಿಖ್ತರ್ಲೆ 1913ರ ಅಕ್ಟೋಬರ್ 27ರಂದು ಮೊರಾವಿಯಾ ಪ್ರಾಂತದ ಪ್ರೊಸ್ತೆಯೊವ್ ಎಂಬ ಪಟ್ಟಣದಲ್ಲಿ ಜನಿಸಿದರು. ಆಗ ಆ ಪ್ರಾಂತ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿತ್ತು. ಅವರ ಐದನೆಯ ವಯಸ್ಸಿನಲ್ಲಿ, 1918ರಲ್ಲಿ, ಸಾಮ್ರಾಜ್ಯ ಕುಸಿದು ಚೆಕೊಸ್ಲೊವಾಕಿಯಾ ಸ್ವತಂತ್ರ ಗಣರಾಜ್ಯವಾಯಿತು. ತಂದೆ ಕಾರೆಲ್ ವಿಖ್ತರ್ಲೆ ಬೇಸಾಯದ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯೊಂದರ ಪಾಲುದಾರರು. ಅಲ್ಲಿ ಮುಂದೆ ಮೋಟಾರು ಕಾರುಗಳೂ ತಯಾರಾದವು. ಹೀಗೆ ಯಂತ್ರಗಳ ಸದ್ದನ್ನು ಕೇಳುತ್ತಲೇ ಬಾಲಕ ಓಟೊ ಬೆಳೆದನು. ಎಳೆಯ ವಯಸ್ಸಿನಲ್ಲಿ ಅವನಿಗೆ ದೊಡ್ಡ ಗಂಡಾಂತರವೊಂದು ಒದಗಿತು. ಆಡುತ್ತಿದ್ದಾಗ ಕೊಳಚೆಯ ಗುಂಡಿಯಲ್ಲಿ ಬಿದ್ದು ಸಾವಿನ ಬಾಯಿಗೆ ಹೋಗಿ ಬಂದನು. ಅದರ ಬೆನ್ನಿಗೇ ಬಂದ ಕಾಯಿಲೆ ಅವನನ್ನು ಬಹುಕಾಲ ಹಾಸಿಗೆಯಲ್ಲಿ ಮಲಗಿಸಿತು. ಶಾಲೆಗೆ ಹೋಗಲಾರದ ಹುಡುಗನಿಗೆ ಮನೆಯಲ್ಲಿಯೇ ಪಾಠವಾಯಿತು. ಕಾಯಿಲೆ ಅವನ ಮೈಯನ್ನು ಸೊರಗಿಸಿತೇ ಹೊರತು ಬುದ್ಧಿಯನ್ನು ಮಂಕಾಗಿಸಲಿಲ್ಲ.

ಪ್ರೊಸ್ತೆಯೊವ್‌ನಲ್ಲಿ ಪ್ರೌಢ ವಿದ್ಯಾಭ್ಯಾಸವನ್ನು ಮುಗಿಸಿದ ವಿಖ್ತರ್ಲೆ ರಾಜಧಾನಿಯಾದ ಪ್ರಾಗ್ ನಗರದ ತಾಂತ್ರಿಕ ವಿಶ್ವವಿದ್ಯಾಲಯವನ್ನು ಸೇರಿ ರಸಾಯನ ಶಾಸ್ತ್ರವನ್ನು ಆರಿಸಿಕೊಂಡರು. ಅಲ್ಲಿ ಅವರಿಗೆ ದೊರೆತ ಗುರು ಎಮಿಲ್ ವೊತೊಚೆಕ್. ವೊತೊಚೆಕ್ ಸಕ್ಕರೆಗಳ ರಸಾಯನದಲ್ಲಿ ಹೆಸರಾಂತ ವಿದ್ವಾಂಸರು, ಹಲವು ಭಾಷೆಗಳನ್ನು ಬಲ್ಲವರು, ಸಂಗೀತ ರಚನೆಯಲ್ಲಿಯೂ ಪರಿಶ್ರಮವಿದ್ದವರು. ಅವರ ಬಳಿ ಪಳಗಿದ ವಿಖ್ತರ್ಲೆ 1936ರಲ್ಲಿ ಪದವಿಯನ್ನು ಪಡೆದು, ಅಲ್ಲಿಯೇ ಸಂಶೋಧನೆಯಲ್ಲಿ ತೊಡಗಿದರು. ಅಧ್ಯಾಪಕ ವೃತ್ತಿಯೇ ತಮ್ಮ ಬಾಳಿನ ದಾರಿಯೆಂದು ಅವರು ಭಾವಿಸಿದ್ದರು.

ಆದರೆ ಕಾಲ ಪ್ರತಿಕೂಲವಾಗಿತ್ತು. 1939ರ ಮಾರ್ಚಿಯಲ್ಲಿ ಹಿಟ್ಲರನ ಸೈನ್ಯ ಪ್ರಾಗ್ ನಗರವನ್ನು ಹೊಕ್ಕಿತು. ವಿದ್ಯಾರ್ಥಿಗಳು ಪ್ರತಿಭಟಿಸಿದರು. ಅದಕ್ಕೆ ಪ್ರತೀಕಾರವಾಗಿ ಅದೇ ವರ್ಷದ ನವೆಂಬರ್ 17ರಂದು ನಾಟ್ಸಿಗಳು ಚೆಕ್ ಜನರ ಎಲ್ಲ ವಿಶ್ವವಿದ್ಯಾಲಯಗಳನ್ನೂ ಮುಚ್ಚಿಸಿದರು. ಗ್ರಂಥಾಲಯಗಳ ಬಾಗಿಲಿಗೆ ಬೀಗ ಬಿದ್ದಿತು. ಅಧ್ಯಾಪಕರು ಬೀದಿಗೆ ಬಂದರು. ಇಪ್ಪತ್ತಾರು ವರ್ಷದ ವಿಖ್ತರ್ಲೆಯವರಿಗೆ ಆಶ್ರಯ ದೊರೆತದ್ದು ಜ್ಲೀನ್ ಎಂಬ ಊರಿನ ಬಾಟಾ ಕಾರ್ಖಾನೆಯ ಸಂಶೋಧನಾ ವಿಭಾಗದಲ್ಲಿ. ಪಾದರಕ್ಷೆಗಳ ಮೂಲಕ ನಮ್ಮ ಊರುಗಳಲ್ಲಿಯೂ ಮನೆಮಾತಾಗಿರುವ ಬಾಟಾ ಸಂಸ್ಥೆಯ ತವರು ಇದೇ ಜ್ಲೀನ್.

ಅಲ್ಲಿ ವಿಖ್ತರ್ಲೆಯವರ ಗಮನ ಪಾಲಿಮರುಗಳ ಕಡೆಗೆ ಹರಿಯಿತು. ಪಾಲಿಮರ್ ಎಂದರೆ ಒಂದೇ ಬಗೆಯ ಚಿಕ್ಕ ಅಣುಗಳು ಸಾವಿರಾರು ಸಂಖ್ಯೆಯಲ್ಲಿ ಒಂದರ ಕೈಯನ್ನೊಂದು ಹಿಡಿದು ಆಗುವ ಉದ್ದನೆಯ ಸರಪಳಿ. ಹತ್ತಿ, ರೇಷ್ಮೆ, ರಬ್ಬರುಗಳಲ್ಲಿ ಇಂತಹ ಸರಪಳಿಗಳನ್ನು ಪ್ರಕೃತಿಯೇ ಹೆಣೆದಿದೆ. ಪ್ರಯೋಗಶಾಲೆಯಲ್ಲಿ ಮನುಷ್ಯನೂ ಅವನ್ನು ಹೆಣೆಯಬಲ್ಲನೆಂಬುದು ಆಗತಾನೆ ತಿಳಿದುಬಂದಿತ್ತು. 1941ರಲ್ಲಿ ವಿಖ್ತರ್ಲೆ ಮತ್ತು ಅವರ ಸಂಗಡಿಗರು ನೈಲಾನನ್ನು ಹೋಲುವ ಒಂದು ಕೃತಕ ನೂಲನ್ನು ತಯಾರಿಸಿದರು. ಅದಕ್ಕೆ ಸಿಲೋನ್ ಎಂಬ ಹೆಸರಾಯಿತು. ಯುದ್ಧ ಮುಗಿದ ಮೇಲೆ ಆ ನೂಲಿನ ಕಾಲುಚೀಲಗಳು ಚೆಕೊಸ್ಲೊವಾಕಿಯಾದ ಮನೆಮನೆಯನ್ನೂ ಮುಟ್ಟಿದವು. ಆದರೆ ನೂಲು ಸಿದ್ಧವಾದ ಮರುವರ್ಷವೇ, 1942ರಲ್ಲಿ, ನಾಟ್ಸಿಗಳ ಗುಪ್ತ ಪೊಲೀಸರು ವಿಖ್ತರ್ಲೆಯವರನ್ನು ಸೆರೆಹಿಡಿದರು. ಕೆಲವು ತಿಂಗಳುಗಳ ಬಂಧನದ ಬಳಿಕ ಅವರಿಗೆ ಬಿಡುಗಡೆಯಾಯಿತು. ಅಂತಹ ಸೆರೆಮನೆಗೆ ಹೋದವರಲ್ಲಿ ಎಷ್ಟೋ ಮಂದಿ ಮರಳಿ ಬರಲಿಲ್ಲವೆಂಬುದನ್ನು ನೆನೆದರೆ ಇದು ಅವರ ಪುನರ್ಜನ್ಮವೆಂದೇ ಹೇಳಬೇಕು.

1945ರಲ್ಲಿ ಯುದ್ಧ ಮುಗಿದು ವಿಶ್ವವಿದ್ಯಾಲಯಗಳ ಬಾಗಿಲು ತೆರೆಯಿತು. ವಿಖ್ತರ್ಲೆ ಪ್ರಾಗ್ ನಗರಕ್ಕೆ ಹಿಂದಿರುಗಿ ಅಧ್ಯಾಪನವನ್ನು ಕೈಗೊಂಡರು. ಆರು ವರ್ಷಗಳ ಕಾಲ ಉನ್ನತ ಶಿಕ್ಷಣದಿಂದ ವಂಚಿತರಾಗಿದ್ದ ತರುಣರು ತರಗತಿಗಳಲ್ಲಿ ಕಿಕ್ಕಿರಿದಿದ್ದರು. ಅವರ ಜ್ಞಾನದಾಹವನ್ನು ತಣಿಸುವ ಹೊಣೆಯನ್ನು ವಿಖ್ತರ್ಲೆ ಸಂತೋಷದಿಂದ ಹೊತ್ತರು. ರಸಾಯನ ಶಾಸ್ತ್ರವನ್ನು ಬಾಯಿಪಾಠದ ವಿಷಯವನ್ನಾಗಿ ಮಾಡದೆ, ಕಾರಣಗಳನ್ನು ಅರಿತು ಕಲಿಯುವಂತೆ ಪಠ್ಯಪುಸ್ತಕಗಳನ್ನು ಬರೆದರು. ಪ್ಲಾಸ್ಟಿಕ್ ತಂತ್ರಜ್ಞಾನಕ್ಕಾಗಿ ಹೊಸ ವಿಭಾಗವೊಂದನ್ನು ಕಟ್ಟಿದರು. 1952ರಲ್ಲಿ ಪ್ರಾಗ್‌ನಲ್ಲಿ ರಸಾಯನ ತಂತ್ರಜ್ಞಾನದ ಪ್ರತ್ಯೇಕ ಮಹಾವಿದ್ಯಾಲಯ ಸ್ಥಾಪಿತವಾದಾಗ ಅಲ್ಲಿ ಡೀನ್ ಪದವಿಯನ್ನು ವಹಿಸಿಕೊಂಡರು.

ಅದೇ ವರ್ಷ ನಡೆದ ಒಂದು ಆಕಸ್ಮಿಕ ಘಟನೆ ಅವರ ಜೀವನದ ದಿಕ್ಕನ್ನು ಬದಲಿಸಿತು. ಓಲೊಮೌಟ್ಸ್ ನಗರದಿಂದ ಪ್ರಾಗ್‌ಗೆ ಅವರು ರೈಲಿನಲ್ಲಿ ಬರುತ್ತಿದ್ದರು. ಎದುರಿಗೆ ಕುಳಿತಿದ್ದ ಸಹಪ್ರಯಾಣಿಕರು ಆರೋಗ್ಯ ಇಲಾಖೆಗೆ ಸಂಬಂಧಪಟ್ಟ ವೈದ್ಯರು. ಅವರು ನೇತ್ರವೈದ್ಯ ಪತ್ರಿಕೆಯೊಂದನ್ನು ಓದುತ್ತಿದ್ದರು. ಕಣ್ಣನ್ನು ಕಳೆದುಕೊಂಡವರಿಗೆ ಆ ಜಾಗದಲ್ಲಿ ಟ್ಯಾಂಟಲಮ್ ಎಂಬ ಲೋಹದ ಸಾಧನವನ್ನು ಅಳವಡಿಸುವ ವಿಷಯ ಅದರಲ್ಲಿತ್ತು. ವಿಖ್ತರ್ಲೆಯವರ ಕಣ್ಣು ಅದರ ಮೇಲೆ ಬಿದ್ದಿತು. ಮಾತಿಗೆ ಮಾತು ಬೆಳೆಯಿತು. ಮೆತ್ತನೆಯ, ಒದ್ದೆಯಾದ, ಸಜೀವವಾದ ಅಂಗಾಂಶದ ನಡುವೆ ಒಣ ಲೋಹದ ತುಂಡು ಹೇಗೆ ತಾನೆ ಹೊಂದೀತು ಎಂಬ ಪ್ರಶ್ನೆಯನ್ನು ವಿಖ್ತರ್ಲೆ ಎತ್ತಿದರು. ನೀರನ್ನು ಹೀರಿಕೊಂಡು ಮೃದುವಾಗಿರುವ ಪಾಲಿಮರೊಂದನ್ನು ಸಿದ್ಧಪಡಿಸಿದರೆ ಮೇಲಲ್ಲವೆ ಎಂಬ ಸೂಚನೆಯೂ ಅವರಿಂದಲೇ ಬಂದಿತು. ರೈಲು ಪ್ರಾಗ್ ನಿಲ್ದಾಣವನ್ನು ಮುಟ್ಟಿತು. ಸಹಪ್ರಯಾಣಿಕರು ತಮ್ಮ ದಾರಿ ಹಿಡಿದರು. ಆದರೆ ಆ ಪ್ರಶ್ನೆ ವಿಖ್ತರ್ಲೆಯವರನ್ನು ಬಿಡಲಿಲ್ಲ.

ಈ ಪ್ರಶ್ನೆಯ ಮಹತ್ವವನ್ನು ನಾವು ಸರಿಯಾಗಿ ತಿಳಿಯಬೇಕು. ನಮ್ಮ ದೇಹದ ಬಹುಭಾಗ ನೀರು. ಅಂಗಾಂಶಗಳೆಲ್ಲ ನೀರಿನಿಂದ ತುಂಬಿದ ಮೃದುವಾದ ಹೆಣಿಗೆಗಳು. ಅಂದಿನ ವೈದ್ಯರ ಬಳಿ ಇದ್ದ ವಸ್ತುಗಳಾದರೋ ಗಾಜು, ಲೋಹ ಮತ್ತು ಗಟ್ಟಿ ಪ್ಲಾಸ್ಟಿಕ್. 1880ರ ದಶಕದ ಕೊನೆಯಲ್ಲಿಯೇ ಯೂರೋಪಿನಲ್ಲಿ ಗಾಜಿನ ಸ್ಪರ್ಶಮಸೂರಗಳು ತಯಾರಾಗಿದ್ದವು. 1940ರ ದಶಕದ ಕೊನೆಗೆ ಅಮೆರಿಕದಲ್ಲಿ ಚಿಕ್ಕ ಗಾತ್ರದ ಗಟ್ಟಿ ಪ್ಲಾಸ್ಟಿಕ್ ಮಸೂರಗಳು ಬಂದವು. ದೃಷ್ಟಿಯನ್ನೇನೋ ಅವು ತಿದ್ದುತ್ತಿದ್ದವು. ಆದರೆ ಬಹಳ ಹೊತ್ತು ಧರಿಸಿದರೆ ಕಣ್ಣು ಉರಿಯುತ್ತಿತ್ತು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲಕ್ಕೆ ರಕ್ತನಾಳಗಳಿಲ್ಲ. ತನಗೆ ಬೇಕಾದ ಆಮ್ಲಜನಕದ ಬಹುಪಾಲನ್ನು ಅದು ಕಣ್ಣೀರಿನ ಮೂಲಕ ನೇರವಾಗಿ ಗಾಳಿಯಿಂದಲೇ ಪಡೆಯುತ್ತದೆ. ಗಾಜನ್ನಾಗಲಿ ಆ ಗಟ್ಟಿ ಪ್ಲಾಸ್ಟಿಕ್ಕನ್ನಾಗಲಿ ಅದರ ಮೇಲೆ ಹೊದಿಸಿದರೆ ಉಸಿರು ಕಟ್ಟಿದಂತಾಗುತ್ತದೆ. ನೀರಿನಿಂದ ತುಂಬಿದ ವಸ್ತುವಾದರೆ ಆ ನೀರಿನ ದಾರಿಯಲ್ಲಿಯೇ ಆಮ್ಲಜನಕವೂ ಒಳಗೆ ಸಾಗಬಲ್ಲದು.

ಕಾಮಕಸ್ತೂರಿಯ ಬೀಜಗಳನ್ನು ನೀರಿನಲ್ಲಿ ನೆನೆಸಿದಾಗ ಪ್ರತಿಯೊಂದು ಬೀಜದ ಸುತ್ತಲೂ ತಿಳಿಯಾದ ಲೋಳೆಯ ಕವಚವೊಂದು ಉಬ್ಬಿಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದರಲ್ಲಿ ಇರುವುದು ಹೆಚ್ಚಾಗಿ ನೀರೇ. ಆದರೂ ಅದು ಹರಿದುಹೋಗುವುದಿಲ್ಲ. ಬೀಜದ ಸಿಪ್ಪೆಯಲ್ಲಿರುವ ಉದ್ದನೆಯ ಅಣುಗಳು ನೀರನ್ನು ಹಿಡಿದಿಟ್ಟುಕೊಂಡಿರುತ್ತವೆ. ಇಂತಹ ವಸ್ತುವಿಗೆ ಹೈಡ್ರೋಜೆಲ್ ಅಥವಾ ಜಲಲೋಳೆ ಎಂದು ಹೆಸರು. ಪಾಲಿಮರ್ ಸರಪಳಿಗಳು ಬಿಡಿಬಿಡಿಯಾಗಿದ್ದರೆ ನೀರಿನಲ್ಲಿ ಕರಗಿಹೋಗುತ್ತವೆ. ಅಲ್ಲಲ್ಲಿ ಅವುಗಳ ನಡುವೆ ಗಂಟು ಬಿದ್ದರೆ ಬಲೆಯಂತಾಗಿ ನೀರನ್ನು ಸೆರೆಹಿಡಿಯುತ್ತವೆ. ಗಂಟುಗಳು ಅತಿಯಾದರೆ ವಸ್ತು ಪೆಡಸಾಗುತ್ತದೆ, ಕಡಮೆಯಾದರೆ ಆಕಾರ ನಿಲ್ಲುವುದಿಲ್ಲ. ವಿಖ್ತರ್ಲೆಯವರಿಗೆ ಬೇಕಾಗಿದ್ದುದು ಇವೆರಡರ ನಡುವಣ ಹದ.

ಈ ಹದವನ್ನು ಕಂಡುಕೊಳ್ಳಲು ಅವರಿಗೆ ನೆರವಾದವರು ತರುಣ ಸಹಾಯಕ ದ್ರಾಹೊಸ್ಲಾವ್ ಲೀಮ್. ಹೈಡ್ರಾಕ್ಸಿಈಥೈಲ್ ಮೆಥಾಕ್ರಿಲೇಟ್ ಎಂಬ ದ್ರವವನ್ನು ಅವರು ಆರಿಸಿಕೊಂಡರು. ಅದರ ಅಣುವಿನಲ್ಲಿ ನೀರನ್ನು ಒಲಿಸಿಕೊಳ್ಳುವ ಭಾಗವೂ ಇದೆ, ಸರಪಳಿಯಾಗಿ ಬೆಳೆಯುವ ಭಾಗವೂ ಇದೆ. ಗಂಟು ಹಾಕಲು ಮತ್ತೊಂದು ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರು. ಹೀಗೆ ಬೆರೆಸಿದ ಮಾತ್ರಕ್ಕೆ ದ್ರವ ಲೋಳೆಯಾಗುವುದಿಲ್ಲ. ಕಾಯಿಸಿದ ಹಾಲು ಮೊಸರಾಗಲು ಒಂದು ಚಮಚ ಹೆಪ್ಪು ಬೇಕಾಗುವಂತೆ, ಅಣುಗಳ ಜೋಡಣೆಯನ್ನು ಆರಂಭಿಸಿ ಬೇಗ ನಡೆಸಲು ಪ್ರಚೋದಕ ದ್ರವ್ಯವೊಂದು ಬೇಕು. ಇಲ್ಲಿಯೇ ಒಂದು ತೊಡಕು. ಪ್ರಚೋದಕವಿಲ್ಲದೆ ಲೋಳೆ ಕಟ್ಟದು. ಆದರೆ ಪ್ರಚೋದಕದ ಶೇಷವಾಗಲಿ, ಸರಪಳಿಗೆ ಸೇರದೆ ಉಳಿದ ಬಿಡಿ ಅಣುಗಳಾಗಲಿ ಒಳಗೆ ಉಳಿದುಕೊಂಡರೆ ಕಣ್ಣಿಗೆ ವಿಷವಾದೀತು. ಆದುದರಿಂದ ಪ್ರಚೋದಕ ಎಷ್ಟು ಸೌಮ್ಯವಾಗಿದ್ದರೆ, ಎಷ್ಟು ಅಲ್ಪವಾಗಿದ್ದರೆ, ಎಷ್ಟು ಸುಲಭವಾಗಿ ತೊಳೆದುಹೋಗುವಂತಿದ್ದರೆ ಅಷ್ಟು ಒಳ್ಳೆಯದು. ಇವರ ಲೋಳೆ ನೀರನ್ನು ಹೀರುವ ಬಲೆಯಾದ್ದರಿಂದ, ಅದನ್ನು ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ತೊಳೆದು ಬೇಡದ ಕಲ್ಮಷವನ್ನು ಹೊರತೆಗೆಯಲು ಸಾಧ್ಯವಾಯಿತು. ಹೀಗೆ ದೊರೆತ ವಸ್ತು ಸ್ಫಟಿಕದಂತೆ ತಿಳಿಯಾಗಿತ್ತು. ತೂಕದಲ್ಲಿ ಶೇಕಡ 40ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಬಗ್ಗಿಸಿದರೆ ಬಗ್ಗುತ್ತಿತ್ತು, ಬಿಟ್ಟರೆ ಮೊದಲಿನ ಆಕಾರಕ್ಕೆ ಬರುತ್ತಿತ್ತು.

1960ರಲ್ಲಿ ವಿಖ್ತರ್ಲೆ ಮತ್ತು ಲೀಮ್ ತಮ್ಮ ಸಂಶೋಧನೆಯನ್ನು ಇಂಗ್ಲೆಂಡಿನ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ಒಂದೆರಡು ಪುಟಗಳ ಕಿರುಲೇಖನ. ಆದರೆ ದೇಹಕ್ಕೆ ಅಳವಡಿಸುವ ವಸ್ತುವಿಗೆ ಇರಬೇಕಾದ ಲಕ್ಷಣಗಳನ್ನು ಅದು ಸ್ಪಷ್ಟವಾಗಿ ನಿರೂಪಿಸಿತು. ವಸ್ತುವಿನ ರಚನೆ ಬೇಕಾದಷ್ಟು ನೀರನ್ನು ಹಿಡಿಯುವಂತಿರಬೇಕು. ಅದು ದೇಹದಲ್ಲಿ ಕೊಳೆಯಬಾರದು, ದೇಹಕ್ಕೆ ಕೇಡನ್ನೂ ಮಾಡಬಾರದು. ಜೀವಕ್ರಿಯೆಗೆ ಅಗತ್ಯವಾದ ದ್ರವ್ಯಗಳು ಅದರ ಮೂಲಕ ಹಾದುಹೋಗುವಂತಿರಬೇಕು. ವೈದ್ಯಕೀಯದಲ್ಲಿ ಬಳಕೆಯಾಗುವ ಜಲಲೋಳೆಗಳ ಶಾಸ್ತ್ರಕ್ಕೆ ಆ ಲೇಖನವೇ ಅಡಿಗಲ್ಲಾಯಿತು.

ವಸ್ತು ಸಿದ್ಧವಾಯಿತು. ಅದರಿಂದ ಮಸೂರವನ್ನು ರೂಪಿಸುವುದು ಮಾತ್ರ ಅಷ್ಟು ಸುಲಭವಾಗಲಿಲ್ಲ. 1957ರ ಸುಮಾರಿಗೆ ಮುಚ್ಚಿದ ಅಚ್ಚುಗಳಲ್ಲಿ ದ್ರವವನ್ನು ತುಂಬಿ ಲೋಳೆ ಕಟ್ಟಿಸಿ ನೂರರಷ್ಟು ಮಸೂರಗಳನ್ನು ತೆಗೆದರು. ಅಚ್ಚನ್ನು ಬಿಚ್ಚುವಾಗ ಅವುಗಳ ತೆಳುವಾದ ಅಂಚುಗಳು ಹರಿದುಹೋಗುತ್ತಿದ್ದವು. ಹರಿದ ಅಂಚು ಕಣ್ಣನ್ನು ಕೆರೆಯುತ್ತಿತ್ತು. ಪ್ರಾಗ್‌ನ ನೇತ್ರವೈದ್ಯ ಮ್ಯಾಕ್ಸ್ ದ್ರೈಫುಸ್ ಇವನ್ನು ರೋಗಿಗಳಿಗೆ ಹಾಕಿ ಪರೀಕ್ಷಿಸಿದರು. ವಸ್ತು ಕಣ್ಣಿಗೆ ಒಗ್ಗುತ್ತದೆಂಬುದು ಖಚಿತವಾಯಿತು. ಆದರೆ ತಯಾರಿಸುವ ವಿಧಾನ ಸರಿಯಿಲ್ಲವೆಂಬುದೂ ಅಷ್ಟೇ ಖಚಿತವಾಯಿತು.

ಈ ನಡುವೆ ವಿಖ್ತರ್ಲೆಯವರ ಮೇಲೆ ಮತ್ತೊಂದು ಆಘಾತ ಬಂದೆರಗಿತು. 1948ರಿಂದ ಚೆಕೊಸ್ಲೊವಾಕಿಯಾದಲ್ಲಿ ಕಮ್ಯೂನಿಸ್ಟ್ ಪಕ್ಷದ ಏಕಾಧಿಕಾರ ನಡೆದಿತ್ತು. ಪಕ್ಷಕ್ಕೆ ಒಪ್ಪಿಗೆಯಾಗದವರನ್ನು ವಿದ್ಯಾಸಂಸ್ಥೆಗಳಿಂದ ಹೊರಗೆ ಹಾಕುವುದು ಆಗಾಗ ನಡೆಯುತ್ತಿತ್ತು. 1958ರಲ್ಲಿ ಅಂತಹ ಒಂದು ಕಾರ್ಯಾಚರಣೆಯಲ್ಲಿ ವಿಖ್ತರ್ಲೆ ತಾವೇ ಕಟ್ಟಿ ಬೆಳೆಸಿದ ಮಹಾವಿದ್ಯಾಲಯದಿಂದ ಹೊರಬೀಳಬೇಕಾಯಿತು. ಆದರೆ ಅದಕ್ಕೆ ಒಂದು ವರ್ಷದ ಹಿಂದೆ ಪ್ರಾಗ್‌ನಲ್ಲಿ ನಡೆದಿದ್ದ ಪಾಲಿಮರ್ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನ ಅವರ ಕೀರ್ತಿಯನ್ನು ಲೋಕಕ್ಕೆಲ್ಲ ಸಾರಿತ್ತು. ಅವರ ಯೋಗ್ಯತೆಯನ್ನು ಅರಿತ ವಿಜ್ಞಾನ ಅಕಾಡೆಮಿಯು ಪಾಲಿಮರ್ ಸಂಶೋಧನೆಗಾಗಿಯೇ ಹೊಸ ಸಂಸ್ಥೆಯೊಂದನ್ನು ಸ್ಥಾಪಿಸಿ ಅವರನ್ನು ನಿರ್ದೇಶಕರನ್ನಾಗಿ ನೇಮಿಸಿತು. ಹುದ್ದೆಯೇನೋ ಸಿಕ್ಕಿತು, ಕಟ್ಟಡವೇ ಇರಲಿಲ್ಲ. ಅದು ಪೂರ್ಣಗೊಳ್ಳಲು ಇನ್ನೂ ಕೆಲವು ವರ್ಷಗಳು ಬೇಕಾಗಿದ್ದವು. ಇತ್ತ ಆರೋಗ್ಯ ಇಲಾಖೆಯವರು ಮೃದುಮಸೂರದ ಪ್ರಯೋಗಗಳಿಂದ ಪ್ರಯೋಜನವಿಲ್ಲವೆಂದು ತೀರ್ಮಾನಿಸಿ 1961ರಲ್ಲಿ ಆ ಕೆಲಸವನ್ನು ನಿಲ್ಲಿಸಿಬಿಟ್ಟರು.

ಸಾಮಾನ್ಯನಾಗಿದ್ದರೆ ಇಲ್ಲಿಗೆ ಕೈಚೆಲ್ಲುತ್ತಿದ್ದನು. ವಿಖ್ತರ್ಲೆ ತಮ್ಮ ಮನೆಯನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡರು. ಅವರಿಗೆ ಹೊಳೆದ ಉಪಾಯ ಬಹು ಸರಳವಾದುದು. ಲೋಟದಲ್ಲಿ ನೀರನ್ನು ಹಾಕಿ ವೇಗವಾಗಿ ತಿರುಗಿಸಿದರೆ ನಡುಭಾಗ ತಗ್ಗಿ ಅಂಚು ಮೇಲೇರುತ್ತದೆ. ಮಜ್ಜಿಗೆ ಕಡೆಯುವಾಗಲೂ ನಾವು ಇದನ್ನು ಕಾಣುತ್ತೇವೆ. ಗುಂಡನೆಯ ತಳವಿರುವ ಚಿಕ್ಕ ಅಚ್ಚಿನಲ್ಲಿ ದ್ರವದ ಹನಿಯನ್ನು ಹಾಕಿ, ತಿರುಗುತ್ತಿರುವಾಗಲೇ ಅದು ಲೋಳೆ ಕಟ್ಟುವಂತೆ ಮಾಡಿದರೆ ಆ ಬಾಗು ಹಾಗೆಯೇ ನಿಲ್ಲುತ್ತದೆಯಲ್ಲವೆ! ಮಸೂರದ ಹೊರಮೈಗೆ ಅಚ್ಚು ಆಕಾರವನ್ನು ಕೊಡುತ್ತದೆ. ಒಳಮೈಗೆ ತಿರುಗುವ ವೇಗ ಆಕಾರವನ್ನು ಕೊಡುತ್ತದೆ. ವೇಗವನ್ನು ಹೆಚ್ಚುಕಡಮೆ ಮಾಡಿದರೆ ಬೇರೆ ಬೇರೆ ಶಕ್ತಿಯ ಮಸೂರಗಳು ದೊರೆಯುತ್ತವೆ. ಅಚ್ಚಿಗೆ ಮುಚ್ಚಳವೇ ಇಲ್ಲದ ಕಾರಣ ಅಂಚು ಹರಿಯುವ ಭಯವೂ ಇಲ್ಲ.

1961ರ ಡಿಸೆಂಬರ್ ತಿಂಗಳು. ಕ್ರಿಸ್‌ಮಸ್ ಹಬ್ಬದ ರಜೆ. ವಿಖ್ತರ್ಲೆಯವರ ಮನೆಯಲ್ಲಿ ಮೆರ್ಕುರ್ ಎಂಬ ಮಕ್ಕಳ ಆಟದ ಪೆಟ್ಟಿಗೆಯೊಂದಿತ್ತು. ತೂತುಗಳಿರುವ ಲೋಹದ ಪಟ್ಟಿಗಳನ್ನು ತಿರುಪುಗಳಿಂದ ಬಿಗಿದು ಬಗೆಬಗೆಯ ಯಂತ್ರಗಳನ್ನು ಜೋಡಿಸುವ ಆಟಿಕೆಯದು. ವಿಖ್ತರ್ಲೆ ಅಡುಗೆಮನೆಯ ಮೇಜಿನ ಮೇಲೆ ಆ ಪಟ್ಟಿಗಳನ್ನು ಹರಡಿಕೊಂಡು ತಮ್ಮ ಯಂತ್ರವನ್ನು ಕಟ್ಟತೊಡಗಿದರು. ಅಚ್ಚನ್ನು ತಿರುಗಿಸಲು ಸೈಕಲಿನ ಡೈನಮೊ ಒದಗಿತು. ಅದಕ್ಕೆ ವಿದ್ಯುತ್ತನ್ನು ಕೊಡಲು ಬಾಗಿಲ ಕರೆಗಂಟೆಯ ಟ್ರಾನ್ಸ್‌ಫಾರ್ಮರ್ ಒದಗಿತು. ಹಬ್ಬದ ಆ ಮಧ್ಯಾಹ್ನ ಮೊದಲ ನಾಲ್ಕು ಮಸೂರಗಳು ಹೊರಬಂದವು. ಅವುಗಳ ಅಂಚು ನುಣುಪಾಗಿತ್ತು. ವಿಖ್ತರ್ಲೆ ಅವನ್ನು ಮೊದಲು ಹಾಕಿ ನೋಡಿದ್ದು ತಮ್ಮ ಕಣ್ಣಿಗೇ. ಶಕ್ತಿ ಅವರ ದೃಷ್ಟಿಗೆ ಸರಿಹೊಂದಲಿಲ್ಲ. ಆದರೆ ಕಣ್ಣು ಉರಿಯಲಿಲ್ಲ, ನೀರು ಸುರಿಸಲಿಲ್ಲ. ಒಂಬತ್ತು ವರ್ಷಗಳ ಹಿಂದೆ ರೈಲಿನಲ್ಲಿ ಎದ್ದಿದ್ದ ಪ್ರಶ್ನೆಗೆ ಅಂದು ಉತ್ತರ ದೊರೆತಿತ್ತು.

ಆ ವರ್ಷ ಮುಗಿಯುವ ಮೊದಲೇ ಅವರು ಪೇಟೆಂಟಿಗಾಗಿ ಅರ್ಜಿಯನ್ನು ಸಿದ್ಧಪಡಿಸಿದರು. ಯಂತ್ರಕ್ಕೆ ಇನ್ನಷ್ಟು ಅಚ್ಚುಗಳು ಸೇರಿದವು. ಡೈನಮೊ ಸಾಲದೆ ಮನೆಯ ಗ್ರಾಮಫೋನಿನ ಮೋಟಾರು ಅದರ ಜಾಗಕ್ಕೆ ಬಂದಿತು. ವೈದ್ಯರಾಗಿದ್ದ ಪತ್ನಿ ಲಿಂಡಾ ಈ ಕೆಲಸದಲ್ಲಿ ಪತಿಗೆ ಹೆಗಲೆಣೆಯಾದರು. 1962ರ ಮೊದಲ ನಾಲ್ಕು ತಿಂಗಳುಗಳಲ್ಲಿ ಈ ದಂಪತಿಗಳು ಮಕ್ಕಳ ಆಟಿಕೆಯಿಂದಾದ ಯಂತ್ರಗಳಲ್ಲಿ 5,500 ಮಸೂರಗಳನ್ನು ತಯಾರಿಸಿದರೆಂಬುದು ವಿಜ್ಞಾನದ ಚರಿತ್ರೆಯಲ್ಲಿ ಒಂದು ವಿಸ್ಮಯದ ಸಂಗತಿ. ಪ್ರಯೋಜನವಿಲ್ಲವೆಂದು ಇಲಾಖೆ ಕೈಬಿಟ್ಟಿದ್ದ ಕೆಲಸಕ್ಕೆ ಇದಕ್ಕಿಂತ ತಕ್ಕ ಉತ್ತರ ಬೇರೆ ಯಾವುದಿದ್ದೀತು?

ಮೃದುಮಸೂರದ ಸುದ್ದಿ ಅಮೆರಿಕವನ್ನು ಮುಟ್ಟಿತು. 1965ರಲ್ಲಿ ಅಲ್ಲಿಯ ಒಂದು ಪೇಟೆಂಟ್ ಸಂಸ್ಥೆ ಅದರ ಹಕ್ಕನ್ನು ಚೆಕೊಸ್ಲೊವಾಕಿಯಾದಿಂದ ಪಡೆದು, ಮಸೂರ ತಯಾರಿಕೆಯಲ್ಲಿ ಹೆಸರಾಂತ ಬಾಷ್ ಅಂಡ್ ಲೋಂಬ್ ಕಂಪನಿಗೆ ವಹಿಸಿತು. 1971ರಲ್ಲಿ ಅಮೆರಿಕದ ಸರ್ಕಾರ ಮೃದುಮಸೂರದ ಮಾರಾಟಕ್ಕೆ ಅನುಮತಿಯನ್ನು ನೀಡಿತು. ಅಲ್ಲಿಂದ ಮುಂದೆ ಅದು ದೊಡ್ಡ ಉದ್ಯಮವಾಗಿ ಬೆಳೆಯಿತು. ಲಕ್ಷ್ಮಿ ಪರದೇಶದ ಕಂಪನಿಗಳಿಗೆ ಒಲಿದಳು. ಕಂಡುಹಿಡಿದವರ ಪಾಲಿಗೆ ಬಂದದ್ದು ತೀರ ಅಲ್ಪ. ವಿಖ್ತರ್ಲೆ ಅದಕ್ಕಾಗಿ ಕೊರಗುತ್ತ ಕೂರದೆ ತಮ್ಮ ಸಂಶೋಧನೆಯನ್ನು ಮುಂದುವರಿಸಿದರು.

ಹಣದ ವಿಷಯದಲ್ಲಿ ನಿರ್ಲಿಪ್ತರಾಗಿದ್ದ ಅವರು ನ್ಯಾಯದ ವಿಷಯದಲ್ಲಿ ಹಾಗಿರಲಿಲ್ಲ. 1968ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಸುಧಾರಣೆಯ ಗಾಳಿ ಬೀಸಿತು. ಜನರ ಸ್ವಾತಂತ್ರ್ಯವನ್ನು ಎತ್ತಿ ಹಿಡಿದ ಎರಡು ಸಾವಿರ ಪದಗಳು ಎಂಬ ಪ್ರಸಿದ್ಧ ಮನವಿ ಆ ಜೂನ್ ತಿಂಗಳಿನಲ್ಲಿ ಪ್ರಕಟವಾಯಿತು. ಅದಕ್ಕೆ ಸಹಿ ಹಾಕಿದವರಲ್ಲಿ ವಿಖ್ತರ್ಲೆಯವರೂ ಒಬ್ಬರು. ಆಗಸ್ಟಿನಲ್ಲಿ ಸೋವಿಯತ್ ನೇತೃತ್ವದ ಸೇನೆಗಳು ದೇಶವನ್ನು ಹೊಕ್ಕು ಸುಧಾರಣೆಯನ್ನು ಹೊಸಕಿಹಾಕಿದವು. ಸಹಿ ಹಾಕಿದವರಿಗೆ ಶಿಕ್ಷೆ ಕಾದಿತ್ತು. 1970ರಲ್ಲಿ ವಿಖ್ತರ್ಲೆಯವರನ್ನು ನಿರ್ದೇಶಕ ಪದವಿಯಿಂದ ಇಳಿಸಲಾಯಿತು. ವಿದೇಶದ ವಿದ್ವಾಂಸರೊಡನೆ ಅವರ ಸಂಪರ್ಕ ಕಡಿಯಿತು. ಪಾಠ ಹೇಳುವ ಅವಕಾಶವೂ ಕುಗ್ಗಿತು. ಲೋಕದ ಮೂಲೆ ಮೂಲೆಗಳಲ್ಲಿ ಜನರು ಅವರ ಮಸೂರವನ್ನು ಧರಿಸತೊಡಗಿದ್ದ ಕಾಲದಲ್ಲಿ ಅವರು ತಮ್ಮ ದೇಶದಲ್ಲಿಯೇ ಮೂಲೆಗುಂಪಾಗಿದ್ದರು. ಹಾಕಿದ ಸಹಿ ತಪ್ಪಾಯಿತೆಂದು ಒಂದು ಮಾತು ಹೇಳಿದ್ದರೆ ಬಹುಶಃ ಕಷ್ಟಗಳು ಕಡಮೆಯಾಗುತ್ತಿದ್ದವು. ಅವರು ಆ ದಾರಿಯನ್ನು ತುಳಿಯಲಿಲ್ಲ.

ಸುಮಾರು ಇಪ್ಪತ್ತು ವರ್ಷಗಳ ಬಳಿಕ, 1989ರ ನವೆಂಬರಿನಲ್ಲಿ, ರಕ್ತಪಾತವಿಲ್ಲದೆಯೇ ಆ ಆಡಳಿತ ಕೊನೆಗೊಂಡಿತು. 1990ರಲ್ಲಿ ಎಪ್ಪತ್ತಾರರ ವಯಸ್ಸಿನ ವಿಖ್ತರ್ಲೆ ಚೆಕೊಸ್ಲೊವಾಕಿಯಾದ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾದರು. ದೂರ ಸರಿಸಲ್ಪಟ್ಟಿದ್ದವರಿಗೆ ಅತ್ಯುನ್ನತ ಪೀಠವೇ ದೊರೆಯಿತು. 1992ರ ಕೊನೆಯಲ್ಲಿ ದೇಶ ಎರಡಾಗುವವರೆಗೂ ಅವರು ಆ ಹೊಣೆಯನ್ನು ನಿರ್ವಹಿಸಿದರು. 1993ರಲ್ಲಿ ಖಗೋಳ ವಿಜ್ಞಾನಿಗಳು 3899ನೆಯ ಕ್ಷುದ್ರಗ್ರಹಕ್ಕೆ ಅವರ ಹೆಸರನ್ನಿಟ್ಟು ಗೌರವಿಸಿದರು. ಸುಮಾರು 180 ಪೇಟೆಂಟುಗಳು ಅವರ ಹೆಸರಿನಲ್ಲಿವೆ. 1998ರ ಆಗಸ್ಟ್ 18ರಂದು ಮೊರಾವಿಯಾದ ಸ್ತ್ರಾಜಿಸ್ಕೊ ಎಂಬ ಹಳ್ಳಿಯ ತಮ್ಮ ಮನೆಯಲ್ಲಿ ಅವರು ಕೊನೆಯುಸಿರೆಳೆದರು. ಆಗ ಅವರಿಗೆ ಎಂಬತ್ತನಾಲ್ಕು ವರ್ಷ ವಯಸ್ಸಾಗಿತ್ತು.

ವಿಖ್ತರ್ಲೆಯವರು ಬಿತ್ತಿದ ಬೀಜ ಇಂದು ಹೆಮ್ಮರವಾಗಿದೆ. ಸುಟ್ಟ ಗಾಯಗಳನ್ನು ತಂಪಾಗಿಡುವ ಪಟ್ಟಿಗಳಲ್ಲಿ, ಔಷಧವನ್ನು ಮೆಲ್ಲಮೆಲ್ಲನೆ ಬಿಡುಗಡೆ ಮಾಡುವ ಸಾಧನಗಳಲ್ಲಿ ಜಲಲೋಳೆಗಳು ಬಳಕೆಯಾಗುತ್ತಿವೆ. ಹೊಲಿಗೆಯ ಬದಲು ಗಾಯದ ಅಂಚುಗಳನ್ನು ಕೂಡಿಸಬಲ್ಲ ಅಂಟುಲೋಳೆಗಳನ್ನು ವಿಜ್ಞಾನಿಗಳು ರೂಪಿಸುತ್ತಿದ್ದಾರೆ. ಇಲ್ಲಿ ಹಳೆಯ ತೊಡಕು ಇನ್ನಷ್ಟು ಕಠಿಣವಾಗಿ ಎದುರಾಗುತ್ತದೆ. ಮಸೂರವನ್ನು ಹೊರಗೆ ತಯಾರಿಸಿ ತೊಳೆದು ಕಣ್ಣಿಗೆ ಹಾಕಬಹುದು. ಗಾಯದೊಳಗೇ ಗಟ್ಟಿಯಾಗಬೇಕಾದ ಅಂಟನ್ನು ತೊಳೆಯುವುದು ಹೇಗೆ? ಆದುದರಿಂದ ಅದನ್ನು ಹೆಪ್ಪುಗಟ್ಟಿಸುವ ವೇಗವರ್ಧಕವೇ ದೇಹಕ್ಕೆ ಹಿತವಾದುದಾಗಿರಬೇಕು. ಇದಕ್ಕೆ ಪ್ರಕೃತಿಯೇ ದಾರಿಯನ್ನು ತೋರಿಸಿದೆ. ನಮ್ಮ ಕೈಗೆ ಗಾಯವಾದಾಗ ರಕ್ತದಲ್ಲಿರುವ ಥ್ರಾಂಬಿನ್ ಎಂಬ ಕಿಣ್ವ ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಎಳೆಎಳೆಯಾದ ಫೈಬ್ರಿನ್ ಬಲೆಯನ್ನಾಗಿ ಮಾಡುತ್ತದೆ. ಮತ್ತೊಂದು ಕಿಣ್ವ ಆ ಎಳೆಗಳಿಗೆ ಗಂಟು ಹಾಕಿ ಬಿಗಿಗೊಳಿಸುತ್ತದೆ. ಹೀಗೆ ರಕ್ತದ ಹೆಪ್ಪು ದೇಹವೇ ಕಟ್ಟಿಕೊಳ್ಳುವ ಅಂಟುಲೋಳೆ. ಇದೇ ದ್ರವ್ಯಗಳಿಂದ ತಯಾರಾದ ಫೈಬ್ರಿನ್ ಅಂಟನ್ನು ಶಸ್ತ್ರವೈದ್ಯರು ಬಳಸುತ್ತಾರೆ. ಸಸ್ಯಗಳಿಂದ ಪಡೆದ ಕಿಣ್ವಗಳಿಂದಲೂ ಲೋಳೆ ಕಟ್ಟಿಸುವ ಪ್ರಯೋಗಗಳು ನಡೆದಿವೆ. ವಸ್ತುವೂ ಅದನ್ನು ಕಟ್ಟಿಸುವ ದ್ರವ್ಯವೂ ದೇಹಕ್ಕೆ ನೆಂಟನಾಗಿರಬೇಕು, ಹಗೆಯಾಗಬಾರದು ಎಂಬ ವಿಖ್ತರ್ಲೆಯವರ ತತ್ತ್ವವೇ ಈ ಎಲ್ಲ ಪ್ರಯತ್ನಗಳ ತಳಹದಿ.

ವಿಖ್ತರ್ಲೆಯವರ ಬಾಳನ್ನು ಅವಲೋಕಿಸಿದಾಗ ಒಂದು ಸಂಗತಿ ಮನಸ್ಸಿಗೆ ನಾಟುತ್ತದೆ. ವಿಶ್ವವಿದ್ಯಾಲಯ ಮುಚ್ಚಿದಾಗ ಅವರು ಕಾರ್ಖಾನೆಯಲ್ಲಿ ದುಡಿದರು. ಮಹಾವಿದ್ಯಾಲಯದಿಂದ ಹೊರಬಿದ್ದಾಗ ಹೊಸ ಸಂಸ್ಥೆಯನ್ನು ಕಟ್ಟಿದರು. ಪ್ರಯೋಗಶಾಲೆ ಇಲ್ಲದಾಗ ಅಡುಗೆಮನೆಯ ಮೇಜು ಅವರಿಗೆ ಸಾಕಾಯಿತು. ಸನ್ನಿವೇಶಗಳಿಗೆ ಅವರು ಹೊಂದಿಕೊಂಡರು. ಆದರೆ ಯಾವ ಸನ್ನಿವೇಶದಲ್ಲಿಯೂ ತಮ್ಮತನವನ್ನು ಬಿಟ್ಟುಕೊಡಲಿಲ್ಲ. ಸಲಕರಣೆಗಳ ಕೊರತೆಯನ್ನು ನೆಪವಾಗಿ ಹೇಳುವ ನಮ್ಮಂತಹವರು ಮಕ್ಕಳ ಆಟಿಕೆಯಿಂದ ಕಟ್ಟಿದ ಆ ಪುಟ್ಟ ಯಂತ್ರವನ್ನು ಆಗಾಗ ನೆನೆಯಬೇಕು. ಅದನ್ನು ತಿರುಗಿಸಿದ್ದು ಸೈಕಲಿನ ಡೈನಮೊ ನಿಜ. ಆದರೆ ಅದರ ಹಿಂದೆ ಇದ್ದುದು ವಸ್ತುವಿನ ಗುಣವನ್ನು ಆಳವಾಗಿ ಅರಿತ ಬುದ್ಧಿ ಮತ್ತು ಮತ್ತೊಬ್ಬರ ಕಣ್ಣಿನ ನೋವನ್ನು ತನ್ನದೆಂದು ತಿಳಿದ ಹೃದಯ.